ಐದರಲ್ಲೊಂದು ಪಾಲು

ಏಪ್ರಿಲ್ 2

ಇಂದು ಬೆಳಿಗ್ಗೆ ಅಣ್ಣ ಉತ್ತರದ ತಂಗುಮನೆಯಿಂದ ನಡೆಯಲು ಹೊರಟ. ಮುನ್ನೂರು ಕಿಲೋಮೀಟರ್ ಹಿಮಬಯಲು ದಾಟಿ ದಕ್ಷಿಣದ ತಂಗುಮನೆ ಸೇರಬೇಕು. ಈ ಸಲ ಅವನು ಕರೆದೊಯ್ಯುವ ಪ್ರವಾಸಿ ಒಬ್ಬರೇ, ಅರವತ್ತೊಂದು ವರ್ಷದ ನಿವೃತ್ತ ಸರ್ವೇಯರ್ ಮೇಡಂ. ಎರಡು ಜಾರುಬಂಡಿ, ಒಂದು ಗುಡಾರ, ಇಪ್ಪತ್ತೈದು ದಿನದ ಆಹಾರ, ಒಂದು ವೈರ್‌ಲೆಸ್ ಸೆಟ್. ಪ್ರತಿಯೊಂದನ್ನೂ ನಾನೇ ತೂಗಿ ದಾಸ್ತಾನು ಪುಸ್ತಕದಲ್ಲಿ ಬರೆದು ಕಳಿಸಿದ್ದೇನೆ.

ಅಣ್ಣನ ಹೆಂಡತಿ ನಿನ್ನೆ ಅವರಿಬ್ಬರನ್ನೂ ವಿಮಾನ ಹತ್ತಿಸಿ ಬಂದು, ಬಾಗಿಲಲ್ಲೇ ನಿಂತು ಹೊರಡುವಾಗಿನ ಸಮಾಚಾರ ಹೇಳಲು ಶುರುಮಾಡಿದಳು. ಅವಳ ಸಮಾಚಾರಕ್ಕೆ ತಲೆಬುಡ ಇರುವುದಿಲ್ಲ. ಬ್ಯಾಟರಿ ನೋಡುತ್ತಿದ್ದೇನೆ, ಆಮೇಲೆ ಕೇಳುತ್ತೇನೆ ಎಂದೆ. ಅವಳು ಹಿಂದಿನ ಕೋಣೆಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕುಳಿತಳು. ಗುಡಾರಗಳ ಹರುಕು ಹೊಲಿಯುವುದು ಅವಳ ಕೆಲಸ. ನನ್ನ ಮೇಜಿಗೂ ಆ ಯಂತ್ರಕ್ಕೂ ನಡುವೆ ಒಂದೇ ಹಲಗೆಯ ಗೋಡೆ.

ಸಂಜೆ ಆರಕ್ಕೆ ಸರಿಯಾಗಿ ಅಣ್ಣನ ದನಿ ಬಂತು. "ಗುಮಾಸ್ತೆ, ಬರ್ಕೋ. ಹದಿನೇಳು." ಅವನು ನನ್ನನ್ನು ಹಾಗೆಯೇ ಕರೆಯುವುದು. ಆಮೇಲೆ, ನಿನ್ನ ಅತ್ತಿಗೆ ಎಲ್ಲಾ ಹೇಳಿದಳು ತಾನೇ ಎಂದು ಕೇಳಿದ. ಹೇಳಿದರು ಎಂದೆ. ಇಲ್ಲವೆಂದರೆ ಗಂಡ ಹೆಂಡಿರ ನಡುವೆ ನನ್ನಿಂದ ಒಂದು ಮಾತು. ಅದೆಲ್ಲ ಯಾರಿಗೆ ಬೇಕು.

ಪುಸ್ತಕದಲ್ಲಿ ಎಂದಿನಂತೆ ಎರಡು ಕಾಲಂ. ಮೊದಲನೆಯದರಲ್ಲಿ ಹದಿನೇಳು ಕಿಲೋಮೀಟರ್. ಎರಡನೆಯದರಲ್ಲಿ ಹದಿಮೂರೂವರೆ.

ಏಪ್ರಿಲ್ 4

ನಿನ್ನೆ ಹದಿಮೂರು, ಇಂದು ಹದಿನೆಂಟು. ಒಟ್ಟು ನಲವತ್ತೆಂಟು. ನನ್ನ ಕಾಲಂನಲ್ಲಿ ಮೂವತ್ತೆಂಟು.

ಎರಡು ಕಾಲಂ ಯಾಕೆ ಎಂದು ಈವರೆಗೆ ಯಾರಿಗೂ ಹೇಳಿಲ್ಲ. ಇಲ್ಲಿಯೂ ಬರೆದಿರಲಿಲ್ಲ. ಅಣ್ಣ ವೈರ್‌ಲೆಸ್‌ನಲ್ಲಿ ಹೇಳುವ ದೂರ ಯಾವತ್ತೂ ನಿಜವಲ್ಲ. ಗುಡಾರದಲ್ಲಿ ಪಕ್ಕದಲ್ಲೇ ಮಲಗಿದ ಪ್ರವಾಸಿಗಳು ಅವನ ಮಾತು ಕೇಳಿಸಿಕೊಳ್ಳುತ್ತಿರುತ್ತಾರೆ. ಹನ್ನೆರಡು ನಡೆದ ದಿನ ಹನ್ನೆರಡು ಎಂದರೆ ಮರುದಿನ ಅವರ ಕಾಲು ಏಳುವುದಿಲ್ಲ. ಅದಕ್ಕೆ ಹದಿನೈದು ಎನ್ನುತ್ತಾನೆ. ಎರಡನೆಯ ವರ್ಷ ನಾನು ಇದನ್ನು ಕಂಡುಹಿಡಿದೆ. ನಾಲ್ಕು ಪ್ರಯಾಣಗಳ ಅಂಕಿ ತೆಗೆದು ನೋಡಿದರೆ ಪ್ರತಿ ಸಲವೂ ಐದರಲ್ಲೊಂದು ಪಾಲು ಹೆಚ್ಚು. ಅವನನ್ನು ಕೇಳಿದ್ದಕ್ಕೆ ನಕ್ಕು ಸುಮ್ಮನಾದ. ಅಂದಿನಿಂದ ನಾನು ಕಳೆಯುತ್ತೇನೆ. ನಾನು ಕಳೆಯುತ್ತೇನೆಂದು ಅವನಿಗೆ ಗೊತ್ತು. ಆ ಮಾತು ಮತ್ತೆ ಎಂದೂ ಬಂದಿಲ್ಲ. ಎರಡು ಸಲ ವಿಮಾನ ಕಳಿಸಬೇಕಾಗಿ ಬಂದಾಗ ನಾನು ಕೊಟ್ಟ ಅಂಕಿಗೆ ಹೋಗಿ ನೋಡಿದರೆ ಗುಡಾರ ಅಲ್ಲಿಯೇ ಇತ್ತು.

ಮದುವೆಯಾಗಿ ಆರು ವರ್ಷವಾದರೂ ಅವನ ಹೆಂಡತಿಗೆ ಇದು ತಿಳಿಯದು. ಅವಳು ನಕಾಶೆಯ ಮುಂದೆ ನಿಂತು ಅವನು ಹೇಳಿದ ದೂರವನ್ನೇ ದಾರದಿಂದ ಅಳೆಯುತ್ತಾಳೆ. ನೋಡಿಯೂ ಸುಮ್ಮನಿರುತ್ತೇನೆ.

ಏಪ್ರಿಲ್ 9

ನೂರ ಹದಿನೇಳು. ನನ್ನ ಪ್ರಕಾರ ತೊಂಬತ್ತನಾಲ್ಕು.

ಅಣ್ಣ ಸಾಮಾನ್ಯವಾಗಿ ದುಂಡು ಅಂಕಿ ಹೇಳುವವನು. ಹದಿನೈದು, ಇಪ್ಪತ್ತು, ಕೆಟ್ಟ ದಿನಕ್ಕೆ ಹತ್ತು. ಈ ಸಲ ಹನ್ನೊಂದು ಅಂತೆ, ಹತ್ತೊಂಬತ್ತು ಅಂತೆ. ಪಕ್ಕದಲ್ಲಿ ಸರ್ವೇಯರ್ ಇದ್ದಾರಲ್ಲ, ಅವರ ಮುಂದೆ ಸುಳ್ಳನ್ನೂ ಇಸ್ತ್ರಿ ಮಾಡಿ ಹೇಳುತ್ತಿದ್ದಾನೆ. ನಗು ಬಂತು.

ಏಪ್ರಿಲ್ 15

ಸಂಜೆ ಆರೂ ಹತ್ತಕ್ಕೆ ಅಣ್ಣ ವೈರ್‌ಲೆಸ್‌ಗೆ ಬಂದ. ದನಿಯಲ್ಲಿ ತಮಾಷೆ ಇರಲಿಲ್ಲ.

"ಮೇಡಂ ಹಿಮದ ಬಿರುಕಿನಲ್ಲಿ ಜಾರಿ ಬಿದ್ರು. ಕಾಲು ಮುರಿದಿದೆ. ಇನ್ನೂರ ಹದಿನಾಲ್ಕು. ಬರ್ಕೊಂಡ್ಯಾ? ಇನ್ನೂರ ಹದಿನಾಲ್ಕು. ಇಲ್ಲಿಂದ ಅಲ್ಲಾಡಲ್ಲ. ವಿಮಾನ ಕಳ್ಸು."

ಬರೆದುಕೊಂಡೆ ಎಂದೆ. ಇನ್ನೇನೋ ಹೇಳಹೊರಟವನ ಮಾತು ಗಾಳಿಯಲ್ಲಿ ಕೊಚ್ಚಿಹೋಯಿತು. ಎಂಟರವರೆಗೆ ಕರೆದೆ. ಬರೀ ಕರಕರ ಸದ್ದು.

ನಡೆಯಲಾಗದಿದ್ದರೆ ಕದಲಬಾರದು, ಕೊನೆಗೆ ಹೇಳಿದ ಅಂಕಿಯಲ್ಲೇ ಗುಡಾರ ಹಾಕಿ ಕಾಯಬೇಕು. ಇದು ನಮ್ಮ ನಿಯಮ. ಅಣ್ಣ ಅದನ್ನು ಮುರಿಯುವುದಿಲ್ಲ. ಇನ್ನೂರ ಹದಿನಾಲ್ಕರಲ್ಲಿ ಐದರಲ್ಲೊಂದು ಕಳೆದರೆ ನೂರ ಎಪ್ಪತ್ತೊಂದು. ನಕಾಶೆಯಲ್ಲಿ ಆ ಜಾಗಕ್ಕೆ ಕೆಂಪು ಗುಂಡುಸೂಜಿ ಚುಚ್ಚಿದೆ.

ಏಪ್ರಿಲ್ 17

ಮೂರು ದಿನದಿಂದ ಬಿರುಗಾಳಿ. ವಿಮಾನ ಏಳುವ ಹಾಗಿಲ್ಲ. ಗಂಟೆಗೊಮ್ಮೆ ಕರೆಯುತ್ತೇನೆ. ಉತ್ತರವಿಲ್ಲ. ಅಣ್ಣನ ಹೆಂಡತಿ ಯಂತ್ರ ನಿಲ್ಲಿಸಿ ಗೋಡೆಯಾಚೆ ಕಿವಿಗೊಟ್ಟಿರುತ್ತಾಳೆ. ನಾನು ಹೆಡ್‌ಫೋನ್ ಕೆಳಗಿಟ್ಟ ಮೇಲೆ ಯಂತ್ರ ಮತ್ತೆ ಶುರುವಾಗುತ್ತದೆ.

ಸರ್ವೇಯರ್ ಅವರ ಮಗಳು ಫೋನ್ ಮಾಡಿದ್ದಳು. ಅಳಲಿಲ್ಲ. ಎಲ್ಲಿ ಹುಡುಕುತ್ತೀರಿ ಎಂದು ಕೇಳಿದಳು. ಕೊನೆಗೆ ಹೇಳಿದ ಜಾಗದಲ್ಲಿ ಎಂದೆ. "ಅಮ್ಮನ ಅಳತೆ ತಪ್ಪಲ್ಲ," ಎಂದಳು. ಮಕ್ಕಳು ಹಾಗೆ ಹೇಳುವುದು ಸಹಜ. ಅದರಲ್ಲೂ ಒಂದು ಪಾಲು ಕಳೆದು ಕೇಳಿಸಿಕೊಂಡೆ.

ಏಪ್ರಿಲ್ 19

ಬೆಳಿಗ್ಗೆ ಆಕಾಶ ತಿಳಿಯಾಯಿತು. ಪೈಲಟ್ ಬಂದು ಮೇಜಿನ ಮೇಲೆ ಕೈಗವಸು ಇಟ್ಟು, ಎಲ್ಲಿ ಎಂದ. ಸೂಜಿ ತೋರಿಸಿದೆ. ನಿಮ್ಮಣ್ಣ ಹೇಳಿದ್ದು ಎಷ್ಟು ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳಿದವನಲ್ಲ. "ನಿನ್ನ ಸೂಜಿ ಇದ್ದಲ್ಲಿ ನಾನು ಕಣ್ಮುಚ್ಕೊಂಡು ಇಳೀತೀನಿ, ತಂಗಿ. ಸಂಜೆ ನಿಮ್ಮಣ್ಣನ ಕಿವಿ ಹಿಡ್ಕೊಂಡು ಬರ್ತೀನಿ ನೋಡು."

ನಾಲ್ಕಕ್ಕೆ ಬರಿಗೈಯಲ್ಲಿ ಬಂದ. ನೂರ ಎಪ್ಪತ್ತೊಂದರ ಸುತ್ತ ಹದಿನೈದು ಕಿಲೋಮೀಟರ್ ಜಾಲಾಡಿ ನೋಡಿದನಂತೆ. ಗುಡಾರವಿಲ್ಲ, ಹೆಜ್ಜೆಯಿಲ್ಲ. ಅವನು ಬೂಟು ಬಿಚ್ಚುವುದನ್ನೇ ನೋಡುತ್ತ ನಿಂತೆ. ಅಪ್ಪ ಇದೇ ಕೋಣೆಯಲ್ಲಿ ಬೂಟು ರಿಪೇರಿ ಮಾಡುತ್ತಿದ್ದರು. ತೊಗಲಿನ ವಾಸನೆ ಇನ್ನೂ ಹೋಗಿಲ್ಲ. ಏನೇನೋ ನೆನಪಾಗುತ್ತದೆ, ಬೇಕಾದ್ದೊಂದು ಹೊಳೆಯುವುದಿಲ್ಲ.

ಏಪ್ರಿಲ್ 20

ಮೋಡ. ಹಾರಲಿಲ್ಲ.

ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ತಟ್ಟೆ ತೊಳೆದು ಮಗುಚಿ ಇಟ್ಟಿದೆ. ಯಾರು ತೊಳೆದರೋ.

ಏಪ್ರಿಲ್ 21

ಯೋಚಿಸಿ ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ. ನೂರ ಎಪ್ಪತ್ತೊಂದರಲ್ಲಿ ಇಲ್ಲವೆಂದರೆ ಅಣ್ಣ ನಿಯಮ ಮುರಿದಿದ್ದಾನೆ. ಸರ್ವೇಯರ್ ಅವರನ್ನು ಜಾರುಬಂಡಿಯಲ್ಲಿ ಮಲಗಿಸಿ ಎಳೆದುಕೊಂಡು ಉತ್ತರದ ತಂಗುಮನೆಯ ಕಡೆ ಹಿಂದಿರುಗಿದ್ದಾನೆ. ಪೈಲಟ್ ತಲೆ ಕೆರೆದುಕೊಂಡ. ಮುಂದಕ್ಕೂ ಒಂದು ಸುತ್ತು ನೋಡಿಬರಲೇ ಎಂದ. ಬೇಡ, ಅಣ್ಣ ನನಗೆ ಗೊತ್ತು, ಹೇಳಿದ್ದಕ್ಕಿಂತ ಹಿಂದೆಯೇ ಇರುತ್ತಾನೆ ಎಂದೆ. ಇಷ್ಟು ಗಟ್ಟಿಯಾಗಿ ನಾನು ಯಾರೊಡನೆಯೂ ಮಾತಾಡಿದವಳಲ್ಲ.

ಹಿಂದಕ್ಕೆ ನೂರರವರೆಗೆ ಹಾರಿ ಬಂದ. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರ ಹುಡುಕಿದ ಹಾಗೆ ಎಂದ. ಇನ್ನು ಉಳಿದಿರುವ ಇಂಧನ ಒಂದು ಹಾರಾಟಕ್ಕೆ ಮಾತ್ರ. ಪೀಪಾಯಿ ತರುವ ಹಡಗು ಮೇ ಒಂದಕ್ಕೆ. ಆಹಾರ ಇಪ್ಪತ್ತಾರಕ್ಕೆ ಮುಗಿಯುತ್ತದೆ. ಮುರಿದ ಕಾಲು ಅಷ್ಟು ದಿನ ಕಾಯುತ್ತದೆಯೇ.

ಅಣ್ಣನ ಹೆಂಡತಿ ಬಾಗಿಲಲ್ಲಿ ನಿಂತು, ನಾನೇನಾದರೂ ಮಾಡಬಹುದಾ ಎಂದು ಕೇಳಿದಳು. ಏನೂ ಇಲ್ಲ ಎಂದೆ.

ಏಪ್ರಿಲ್ 22

ಆದದ್ದನ್ನು ಆದ ಕ್ರಮದಲ್ಲಿ ಬರೆಯಬೇಕು.

ಬೆಳಿಗ್ಗೆ ಏನೂ ತೋಚದೆ ದಾಸ್ತಾನು ಎಣಿಸಲು ಕುಳಿತೆ. ಎಣಿಸುತ್ತಿದ್ದರೆ ಎದೆ ಸ್ವಲ್ಪ ಹಿಡಿತದಲ್ಲಿರುತ್ತದೆ. ಗೂಟ, ಹಗ್ಗ, ಒಲೆಯ ಬತ್ತಿ ಎಲ್ಲ ಸರಿಯಾಗಿತ್ತು. ನೈಲಾನ್ ಪಟ್ಟಿಯ ಸುರುಳಿ ಅಳೆದರೆ ಎರಡು ಮೀಟರ್ ಕಡಿಮೆ. ಪುಸ್ತಕದಲ್ಲಿ ದಾಖಲೆ ಇಲ್ಲ. ಎಲ್ಲಿತ್ತೋ ಆ ಸಿಟ್ಟು, ಸುರುಳಿ ಹಿಡಿದು ಹಿಂದಿನ ಕೋಣೆಗೆ ಹೋದೆ. ಪಟ್ಟಿ ಕತ್ತರಿಸಿದವರು ಯಾರು, ಬರೆಯದೆ ತೆಗೆಯಬಾರದೆಂದು ಎಷ್ಟು ಸಲ ಹೇಳಬೇಕು ಎಂದು ಕೇಳಿದೆ. ಗಂಡ ಹಿಮದಲ್ಲಿ ಕಳೆದುಹೋಗಿ ಏಳು ದಿನವಾದ ಹೆಂಗಸನ್ನು ಹೀಗೆ ಕೇಳಿದೆ.

ಅವಳು ಸೂಜಿ ಕೆಳಗಿಟ್ಟಳು.

"ನಾನೇ. ಅವರು ಹೊರಟ ದಿನ ನಿಮ್ಮಣ್ಣ ವಿಮಾನದ ಹತ್ರದಿಂದ ನನ್ನ ಓಡಿಸಿದ್ರು, ಚಕ್ರ ಕಟ್ಟೋಕೆ ಪಟ್ಟಿ ತಾ ಅಂತ. ನೀನು ಹೆಡ್‌ಫೋನ್ ಹಾಕ್ಕೊಂಡು ಬೆನ್ನು ತಿರುಗಿಸಿ ಕೂತಿದ್ದೆ."

ಯಾವ ಚಕ್ರ ಎಂದೆ.

ಸರ್ವೇಯರ್ ಗೋಣಿಚೀಲದಲ್ಲಿ ಒಂದು ಸೈಕಲ್ ಚಕ್ರ ತಂದಿದ್ದರಂತೆ. ಅದಕ್ಕೆ ಹಿತ್ತಾಳೆಯ ಮೀಟರ್. ಜಾರುಬಂಡಿಯ ಹಿಂದೆ ಕಟ್ಟಿದರೆ ಉರುಳಿದ ದೂರವೆಲ್ಲ ಅದರಲ್ಲಿ ಬೀಳುತ್ತದೆ. ಜೀವಮಾನವಿಡೀ ಅಳೆದಿದ್ದೇನೆ, ಇದನ್ನೂ ಅಳೆದೇ ನಡೆಯುತ್ತೇನೆ ಎಂದರಂತೆ. ಅಣ್ಣ ನಕ್ಕು, ಹೊರಡುವ ಮುಂಚೆ ಹೆಂಡತಿಗೆ ಎರಡು ಸಲ ಹೇಳಿದನಂತೆ, "ಗುಮಾಸ್ತೆಗೆ ಹೇಳು, ಈ ಸಲ ಚಕ್ರ ಇದೆ ಅಂತ. ಅಷ್ಟು ಹೇಳಿದ್ರೆ ಸಾಕು, ಅವಳಿಗೆ ಗೊತ್ತಾಗತ್ತೆ."

"ಯಾಕೆ ಅಂತ ನಂಗೆ ಗೊತ್ತಾಗ್ಲಿಲ್ಲ. ನಿಂಗೆ ಹೇಳೋಕೆ ಬಂದೆ. ನೀನು ಆಮೇಲೆ ಅಂದೆ. ಮಾರನೇ ದಿನ ವೈರ್‌ಲೆಸ್‌ನಲ್ಲಿ ನೀನು 'ಹೇಳಿದ್ರು' ಅಂದ್ಯಲ್ಲ, ಗೋಡೆ ಈಚೆ ಕೇಳಿಸ್ತು. ಮೇಡಂ ಅವರೇ ನಿಂಗೆ ಹೇಳಿರಬೇಕು ಅಂದ್ಕೊಂಡೆ."

ನೆಲದ ಮೇಲೆ ಕುಳಿತುಬಿಟ್ಟೆ. ಹದಿನೇಳು. ಹದಿಮೂರು. ಹನ್ನೊಂದು. ಸುಳ್ಳು ಹೇಳುವವನು ದುಂಡು ಅಂಕಿ ಹೇಳುತ್ತಾನೆ. ಇವು ಮೀಟರಿನ ಅಂಕಿಗಳು. ಅವರು ಇನ್ನೂರ ಹದಿನಾಲ್ಕರಲ್ಲಿದ್ದಾರೆ. ಅಲ್ಲಿಂದ ಅಲ್ಲಾಡಿಲ್ಲ. ನಾನು ವಿಮಾನವನ್ನು ನಲವತ್ತಮೂರು ಕಿಲೋಮೀಟರ್ ಹಿಂದೆ ಕಳಿಸಿದೆ. ಆಮೇಲೆ ಇನ್ನೂ ಹಿಂದೆ ಕಳಿಸಿದೆ.

ಪುಸ್ತಕ ತಂದು ಎರಡು ಕಾಲಂ ತೋರಿಸಿದೆ. ಎಲ್ಲ ಹೇಳಿದೆ. ಅತ್ತಿಗೆ ಕಿರುಚಲಿಲ್ಲ. ಹಿಂದಿನ ವರ್ಷಗಳ ಹಾಳೆಗಳನ್ನು ತಿರುವಿ ನೋಡಿದರು. "ದಾರದ ಲೆಕ್ಕದಲ್ಲಿ ಇಪ್ಪತ್ತನೇ ತಾರೀಕು ಬರಬೇಕಾದೋರು ಇಪ್ಪತ್ತನಾಲ್ಕಕ್ಕೆ ಬರ್ತಿದ್ರು. ಆರು ವರ್ಷ, ಪ್ರತಿ ಸಲ, ಆ ನಾಲ್ಕು ದಿನ ನಾನು ಸತ್ತು ಬದುಕ್ತಿದ್ದೆ," ಎಂದರು. "ನಿಂಗೆ ಗೊತ್ತಿತ್ತು."

ಗೊತ್ತಿತ್ತು ಎಂದೆ.

ಆಮೇಲೆ ಅವರೇ ನನ್ನ ತೋಳು ಹಿಡಿದು ಎಬ್ಬಿಸಿ, ನಡಿ, ಪೈಲಟ್ ಮನೆಗೆ ಎಂದರು. ಪೈಲಟ್ ಒಲೆಯ ಮುಂದೆ ಕಾಲುಚೀಲ ಒಣಗಿಸುತ್ತಿದ್ದ. ನಾನು ಹೇಳಿ ಮುಗಿಸುವವರೆಗೂ ಕಾಲುಚೀಲ ಅವನ ಕೈಯಲ್ಲೇ ಇತ್ತು.

"ಮುಂದಕ್ಕೆ ನೋಡ್ಲಾ ಅಂತ ನಾನು ಕೇಳಿದ್ದೆ," ಎಂದ. ಬೈದಿದ್ದರೆ ಒಳ್ಳೆಯದಿತ್ತು.

ಹೊರಗೆ ಮೋಡ ಇಳಿಯುತ್ತಿತ್ತು.

ಏಪ್ರಿಲ್ 23

ಮಂಜು. ಎದುರು ಬೀದಿಯ ಅಂಗಡಿಯೇ ಕಾಣುವುದಿಲ್ಲ.

ಅತ್ತಿಗೆ ಯಂತ್ರವನ್ನು ನನ್ನ ಕೋಣೆಗೆ ಎಳೆದು ತಂದಿದ್ದಾರೆ. ನಾನೂ ಒಂದು ಕಡೆ ಹಿಡಿದೆ. ಗೋಡೆ ನಡುವೆ ಇದ್ದರೆ ತಲೆ ಕೆಡುತ್ತದೆ ಎಂದರು. ಹೊಲಿಯುವುದೇನೂ ಇರಲಿಲ್ಲ. ಹೊಲಿದದ್ದನ್ನೇ ಬಿಚ್ಚಿ ಹೊಲಿದರು. ಕೆಂಪು ಸೂಜಿಯನ್ನು ಇನ್ನೂರ ಹದಿನಾಲ್ಕಕ್ಕೆ ಅವರೇ ಚುಚ್ಚಿದರು. ಹಳೆಯ ತೂತು ಹಾಗೇ ಉಳಿದಿದೆ.

ಏಪ್ರಿಲ್ 24

ಮಂಜು.

ಮಗಳು ಫೋನ್ ಮಾಡಿದಳು. ನಾಳೆ ಹೊಸ ಜಾಗದಲ್ಲಿ ಹುಡುಕುತ್ತೇವೆ ಎಂದೆ. ಹಳೆಯ ಜಾಗ ಯಾವುದು ಎಂದು ಕೇಳಿದಳು. ನೀವು ಬಂದ ಮೇಲೆ ಹೇಳುತ್ತೇನೆ ಎಂದೆ. ಫೋನ್ ಇಟ್ಟ ಮೇಲೆ ಅತ್ತಿಗೆ ನನ್ನ ಮುಖ ನೋಡಿದರು.

ಏಪ್ರಿಲ್ 25

ಹತ್ತು ಗಂಟೆಗೆ ಮಂಜು ಹರಿಯಿತು. ಕೊನೆಯ ಇಂಧನ.

ಹೆಡ್‌ಫೋನನ್ನು ಬಿಡಿಸಿ ಒಂದು ಕಿವಿ ನಾನು, ಒಂದು ಕಿವಿ ಅತ್ತಿಗೆ ಹಿಡಿದು ಕುಳಿತೆವು. ಕೆನ್ನೆಗೆ ಕೆನ್ನೆ ತಾಗುತ್ತಿತ್ತು. ಹನ್ನೆರಡೂ ಇಪ್ಪತ್ತಕ್ಕೆ ಪೈಲಟ್ ದನಿ.

"ಗುಡಾರ ಕಾಣ್ತಿದೆ. ಇನ್ನೂರ ಹದಿನಾಲ್ಕಕ್ಕೇ ಇದೆ. ಒಬ್ಬರು ಹೊರಗೆ ಬಂದ್ರು."

ಯಾರು ಎಂದು ಕೇಳಿದೆವು. ಮೇಲಿಂದ ತಿಳಿಯುವುದಿಲ್ಲ ಎಂದ. ಇಳಿಯುತ್ತೇನೆ ಎಂದ. ಇಪ್ಪತ್ತೆರಡು ನಿಮಿಷ ಏನೂ ಇಲ್ಲ. ಅತ್ತಿಗೆಯ ಉಗುರು ನನ್ನ ಮಣಿಕಟ್ಟಿನಲ್ಲಿ ಊರಿತ್ತು. ಈಗ ನೋಡಿದರೆ ನಾಲ್ಕು ಗುರುತು.

ಒಬ್ಬರೇ ಎಂದರೆ ಅದು ಅಣ್ಣನೇ ಆಗಿರಲಿ ಎಂದುಕೊಂಡೆ. ಹಾಗೆ ಎಂದುಕೊಂಡೆ ಎಂಬುದನ್ನೂ ಬರೆದಿಡುತ್ತೇನೆ.

"ನಿಮ್ಮಣ್ಣ ಇದ್ದಾನೆ. ಕೈಬೆರಳು ಹೋಗತ್ತೆ, ಮೂರೋ ನಾಲ್ಕೋ. ಮೇಡಂ ಇಲ್ಲ."

ಯಾವಾಗ ಎಂದು ಕೇಳಿದ್ದು ನಾನು.

"ಇಪ್ಪತ್ತೆರಡು, ಬೆಳಿಗ್ಗೆ."

ಆ ಬೆಳಿಗ್ಗೆ ನಾನು ಪಟ್ಟಿ ಅಳೆಯುತ್ತಿದ್ದೆ.

ಏಪ್ರಿಲ್ 27

ಆಸ್ಪತ್ರೆಯಲ್ಲಿ ಅಣ್ಣನ ಪಕ್ಕ ಕುಳಿತಿದ್ದೆ. ಎರಡೂ ಕೈಗೆ ಬಟ್ಟೆ ಸುತ್ತಿದ್ದಾರೆ. ಬಿದ್ದ ಮರುದಿನವೇ ಬಿರುಗಾಳಿ ವೈರ್‌ಲೆಸ್‌ನ ಕಂಬವನ್ನು ಮುರಿದು ಹೊತ್ತುಕೊಂಡು ಹೋಯಿತಂತೆ. ಹದಿನೆಂಟರಿಂದ ಸರ್ವೇಯರ್ ಅವರಿಗೆ ಜ್ವರ. ಹತ್ತೊಂಬತ್ತರ ಬೆಳಿಗ್ಗೆ ಆಕಾಶ ತಿಳಿಯಾದಾಗ ಗುಡಾರದ ಬಾಗಿಲು ತೆಗೆಸಿ, "ಅಳತೆ ಸರಿಯಾಗಿ ಕೊಟ್ಟಿದ್ದೀವಿ, ಇವತ್ತು ಬರ್ತಾರೆ. ನನ್ನ ಬೂಟು ಮರೀಬೇಡಿ," ಎಂದರಂತೆ. ಇಡೀ ದಿನ ಬಾಗಿಲು ಮುಚ್ಚಲು ಬಿಡಲಿಲ್ಲವಂತೆ.

ನಾನು ಆದದ್ದನ್ನೆಲ್ಲ ಹೇಳಿದೆ. ಅಣ್ಣ ಚಾವಣಿ ನೋಡುತ್ತ ಕೇಳಿಸಿಕೊಂಡ. "ನಿನ್ನ ಅತ್ತಿಗೆ ಹೇಳಿದ್ಳಾ ಅಂದ್ರೆ ಹೂಂ ಅಂದ್ಯಲ್ಲೇ," ಎಂದ. ಆಮೇಲೆ ನನ್ನ ಮುಖ ನೋಡಿ ದನಿ ಬದಲಿಸಿದ. "ಹೇಗೂ ಉಳೀತಿರ್ಲಿಲ್ಲ ಬಿಡು. ಆ ವಯಸ್ಸು, ಆ ಕಾಲು. ಮಗಳಿಗೆ ಇದೆಲ್ಲ ಹೇಳೋಕೆ ಹೋಗಬೇಡ. ಹವೆ ಸರಿ ಇರ್ಲಿಲ್ಲ ಅಂದ್ರೆ ಮುಗೀತು."

ಹೊರಗೆ ಬಂದು ಡಾಕ್ಟರನ್ನು ಕೇಳಿದೆ. ಹತ್ತೊಂಬತ್ತಕ್ಕೆ ಕರೆತಂದಿದ್ದರೆ ಕಾಲು ತೆಗೆಯಬೇಕಾಗುತ್ತಿತ್ತು, ಜೀವ ಬಹುಶಃ ಉಳಿಯುತ್ತಿತ್ತು ಎಂದರು.

ಅಣ್ಣ ನನಗೂ ದುಂಡು ಅಂಕಿ ಹೇಳುತ್ತಿದ್ದಾನೆ, ನಾಳೆ ನನ್ನ ಕಾಲು ಏಳಲಿ ಎಂದು.

ಏಪ್ರಿಲ್ 29

ಮಗಳು ಬಂದಳು. ಮೂವತ್ತರ ಆಸುಪಾಸು. ತಾಯಿಯ ಹಾಗೆಯೇ ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿದ್ದಾಳೆ. ತಾಯಿಯ ಸಾಮಾನನ್ನು ಮೇಜಿನ ಮೇಲೆ ಜೋಡಿಸಿಟ್ಟಿದ್ದೆ. ಕನ್ನಡಕ, ಬೂಟು, ಪೆನ್ಸಿಲ್, ಕೊನೆಗೆ ಚಕ್ರ. ಮೀಟರಿನಲ್ಲಿ ಇನ್ನೂರ ಹದಿನಾಲ್ಕು, ಪಕ್ಕದ ಚಿಕ್ಕ ಕಿಂಡಿಯಲ್ಲಿ ಮೂರು. ಅವಳು ಬೆರಳಿನಿಂದ ಗಾಜು ಒರೆಸಿ ಓದಿದಳು.

ಹಳೆಯ ಜಾಗ ಯಾವುದು ಎಂದು ಕೇಳಿದಳು. ಮರೆತಿರಲಿಲ್ಲ.

ಅತ್ತಿಗೆ ಕುರ್ಚಿ ಎಳೆದು ನನ್ನ ಪಕ್ಕ ಕುಳಿತರು. ನಾನು ದಾಸ್ತಾನು ಪುಸ್ತಕ ತೆರೆದು ಅವಳ ಕಡೆ ತಿರುಗಿಸಿದೆ. ಎರಡು ಕಾಲಂ ಏನೆಂದು ಹೇಳಿದೆ. ಹತ್ತೊಂಬತ್ತರಂದು ಆಕಾಶ ತಿಳಿಯಾಗಿತ್ತು ಎಂದೆ. ಇಪ್ಪತ್ತೊಂದರಂದೂ ತಿಳಿಯಾಗಿತ್ತು, ಪೈಲಟ್ ಮುಂದಕ್ಕೆ ನೋಡುತ್ತೇನೆಂದ, ಬೇಡವೆಂದದ್ದು ನಾನು ಎಂದೆ. ಡಾಕ್ಟರ್ ಹೇಳಿದ್ದನ್ನೂ ಹೇಳಿದೆ. ಬಾಗಿಲು ತೆರೆಸಿದ್ದನ್ನು, ಬೂಟಿನ ಮಾತನ್ನು ಹೇಳುವ ಮೊದಲು ಅತ್ತಿಗೆ ನೀರು ಕೊಟ್ಟರು. ಕುಡಿದು ಹೇಳಿದೆ.

ಅವಳು ಎರಡನೆಯ ಕಾಲಂ ಅನ್ನು ಮೇಲಿಂದ ಕೆಳಗೆ ಓದಿದಳು. ಆಮೇಲೆ, ಇದನ್ನು ಬರೆದುಕೊಡಿ ಎಂದಳು.

ಒಂದು ಹಾಳೆ ತೆಗೆದು ಬರೆದೆ. ತಾರೀಕು, ಅಂಕಿ, ಯಾರು ಏನು ಹೇಳಿದರು. ಕೆಳಗೆ ರುಜು. ಅವಳು ನಿಂತುಕೊಂಡೇ ಎರಡು ಸಲ ಓದಿದಳು.

"ಇದರಲ್ಲಿ ಏನೂ ಕಡಿಮೆ ಮಾಡಿಲ್ಲ ತಾನೇ?"

ಇಲ್ಲ ಎಂದೆ.

ಹಾಳೆಯನ್ನು ಮಡಚಿ ತಾಯಿಯ ಕನ್ನಡಕದ ಪೆಟ್ಟಿಗೆಯೊಳಗೆ ಇಟ್ಟಳು. ನನ್ನನ್ನು ಕ್ಷಮಿಸಲಿಲ್ಲ, ಬಯ್ಯಲೂ ಇಲ್ಲ. ಚಕ್ರಕ್ಕೆ ಇನ್ನೂ ಆ ನೈಲಾನ್ ಪಟ್ಟಿ ಸುತ್ತಿತ್ತು. ಹೊತ್ತುಕೊಂಡು ಹೋಗಲು ಇದನ್ನೇ ಇಟ್ಟುಕೊಳ್ಳಲೇ ಎಂದು ಅತ್ತಿಗೆಯನ್ನು ಕೇಳಿದಳು. ಅತ್ತಿಗೆ ಹೆಗಲಿಗೆ ಸರಿಯಾಗುವ ಹಾಗೆ ಅದರ ತುದಿಗಳನ್ನು ಹೊಲಿದುಕೊಟ್ಟರು. ಅವಳು ಚಕ್ರವನ್ನು ಬೆನ್ನಿಗೆ ಹಾಕಿಕೊಂಡು ಬೀದಿಗಿಳಿದಳು. ತಿರುವಿನವರೆಗೂ ಕಾಣುತ್ತಿತ್ತು.

ಒಳಗೆ ಬಂದು ದಾಸ್ತಾನು ಪುಸ್ತಕದಲ್ಲಿ ಬರೆದೆ. ಏಪ್ರಿಲ್ 1. ನೈಲಾನ್ ಪಟ್ಟಿ, ಎರಡು ಮೀಟರ್. ಚಕ್ರ ಕಟ್ಟಲು. ತೆಗೆದವರು, ಅತ್ತಿಗೆ. ತಿಳಿಸಲು ಬಂದಿದ್ದರು.